ನಿನ್ನ ಕಾದಂಬರಿಯಲ್ಲಿಲ್ಲದ ನಗು

ಚಿರಂಜೀವಿ ಕಾದಂಬರಿಗಾರ್ತಿಗೆ, ನಿನ್ನ ಮೇಷ್ಟರ ಆಶೀರ್ವಾದಗಳು.

ಮೊದಲು ನಿನ್ನ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಕಾದಂಬರಿಯ ಹಸ್ತಪ್ರತಿಯನ್ನು ಓದಿ ಮುಗಿಸಿದೆ. ಸಿಟ್ಟು ಇನ್ನೂ ಇಳಿದಿಲ್ಲ. ಆಸ್ಪತ್ರೆ ಸೇರಿದ ನಿನ್ನ ಕಥೆಯ ತಾಯಿ ಪುಟಪುಟದಲ್ಲೂ ನರಳಿ ಸಾಯುತ್ತಾಳೆ, ಒಮ್ಮೆಯೂ ನಗುವುದಿಲ್ಲ. "ಬದುಕು ಇರೋದೇ ಹೀಗೆ ಸಾರ್" ಎಂದು ನೀನು ವಾದಿಸುತ್ತೀಯೆ. ಆದರೆ ಕಳೆದ ವಾರ ನಿನ್ನ ತಾಯಿಯವರನ್ನು ನೋಡಲು ನಾನು ಆಸ್ಪತ್ರೆಯ ವಾರ್ಡಿಗೆ ಬಂದಾಗ, ಮೂಗಿಗೆ ಆಕ್ಸಿಜನ್ ನಳಿಕೆಯಿದ್ದರೂ ಅವರು ಹೇಳಿದ್ದೇನು?

"ಮೇಷ್ಟ್ರೇ, ಇವಳು ಪುಸ್ತಕದಲ್ಲಿ ನನ್ನನ್ನ ಸಾಯಿಸಿಬಿಟ್ಟಿದ್ದಾಳಂತೆ. ನಾನಿನ್ನೂ ಬೆಳಗಿನ ಕಾಫಿನೇ ಕುಡಿದಿಲ್ಲ ಕಣ್ರೀ!"

ಪಕ್ಕದ ಹಾಸಿಗೆಯಾಕೆ ಆಪರೇಷನ್ನಿನ ಹೊಲಿಗೆ ಬಿಚ್ಚೀತೆಂದು ಹೊಟ್ಟೆ ಹಿಡಿದುಕೊಂಡೇ ನಕ್ಕಳು. ನೀನೂ ನಕ್ಕೆ.

ಸಾವನ್ನು ತೆಗೆದುಹಾಕೆಂದು ನಾನು ಕೇಳುತ್ತಿಲ್ಲ. ನೋವನ್ನು ನೀನು ಚೆನ್ನಾಗಿಯೇ ಬರೆದಿದ್ದೀಯೆ. ಕಣ್ಣಾರೆ ಕಂಡ ನಗುವನ್ನು ಬಿಟ್ಟು, ಉಳಿದದ್ದನ್ನೇ ಪೂರ್ತಿ ಸತ್ಯವೆನ್ನುವುದನ್ನು ಮಾತ್ರ ಒಪ್ಪಲಾರೆ. ನಿನ್ನ ಕಾದಂಬರಿಯನ್ನು ನಿನ್ನಿಂದಲೇ ಓದಿಸಿ ಕೇಳಬೇಕೆಂದು ತಾಯಿಯವರು ಕಾಯುತ್ತಿದ್ದಾರೆ. ಉಳಿದಿರುವ ದಿನಗಳು ಹೆಚ್ಚಿಲ್ಲವೆಂದು ನಿನಗೂ ಗೊತ್ತು.

ಹಸ್ತಪ್ರತಿಯನ್ನು ಹಿಂದಿರುಗಿಸಿದ್ದೇನೆ. ಕುರ್ಚಿಯನ್ನು ಅವರ ಹಾಸಿಗೆಯ ಪಕ್ಕಕ್ಕೆ ಎಳೆದುಕೊ. ಅವರು ಮಾತಾಡಲಿ, ನೀನು ಬರೆ. ಇವತ್ತೇ ಆರಂಭಿಸು, ಮಗಳೇ.

ನಿನ್ನ ಮೇಲೆ ಇನ್ನೂ ಭರವಸೆಯಿಟ್ಟಿರುವ,
ಮೇಷ್ಟ್ರು