ನಾಲ್ಕು ತಾಲ್ಲೂಕಿನ ಗಂಡ

ಮುನವಳ್ಳಿ,
೧೫ ಡಿಸೆಂಬರ್ ೨೦೨೪, ರವಿವಾರ ಮಧ್ಯಾಹ್ನ

ಪ್ರೀತಿಯ ನಮ್ಮ ಮನೆಯವರಿಗೆ,

ಭಾಗೀರಥಿಯ ನಮಸ್ಕಾರ. ಬೆನ್ನು ನೋವು ಹೇಗಿದೆ? ಶಾಲೆಯ ದಾರಿ ಈಗಲೂ ಕಲ್ಲುಕಲ್ಲಾಗಿಯೇ ಇದೆಯೇ? ಬೈಕಿನ ಸೀಟಿಗೆ ನಾನು ಕಟ್ಟಿಕೊಟ್ಟ ದಿಂಬು ಇನ್ನೂ ಇದೆಯೋ, ಹುಡುಗರು ನಗುತ್ತಾರೆಂದು ಬಿಚ್ಚಿಟ್ಟಿರೋ? ಖಾನಾವಳಿ ಊಟಕ್ಕೆ ಎದೆಯುರಿ ಬರುತ್ತದೆ ಎನ್ನುತ್ತಿದ್ದಿರಿ, ರಾತ್ರಿಯಾದರೂ ಖೋಲಿಯಲ್ಲಿ ಒಂದು ಮುಷ್ಟಿ ಅನ್ನ ಮಾಡಿಕೊಳ್ಳಿರಿ. ಇಲ್ಲಿ ನಾವಿಬ್ಬರೂ ಆರಾಮ. ನಿಮ್ಮ ಅವ್ವನ ಮೊಣಕಾಲು ಚಳಿಗೆ ಸ್ವಲ್ಪ ಹಿಡಿಯುತ್ತದೆ, ಬಾಯಿ ಮಾತ್ರ ಎಲ್ಲೂ ಹಿಡಿದಿಲ್ಲ. ಇವತ್ತು ಹೊಸ್ತಿಲ ಹುಣ್ಣಿಮೆ. ಸವದತ್ತಿ ಗುಡ್ಡಕ್ಕೆ ಹೋಗುವ ಬಸ್ಸುಗಳು ಬಾಗಿಲಿಗೆಲ್ಲ ಜನ ಜೋತುಬಿದ್ದು ಬೆಳಗಿನಿಂದ ಹಾಯುತ್ತಲೇ ಇವೆ. ಇವತ್ತಿನಿಂದ ಭಾರತ ಹುಣ್ಣಿಮೆಯವರೆಗೆ ಎಲ್ಲಮ್ಮ ವಿಧವೆ, ಅವಳ ಕೈಯಲ್ಲಿ ಬಳೆ ಇರುವುದಿಲ್ಲವಲ್ಲ, ಅದಕ್ಕೇ ಅತ್ತೆ "ಇವತ್ತ ಗಂಡಗ ಪತ್ರ ಬರೀಬ್ಯಾಡವಾ, ನಾಳೆ ಬರಿ" ಎಂದರು. ನಾಳೆ ಶಾಲೆ ಇದೆ. ಬರೆಯುವ ಧೈರ್ಯ ನಾಳೆಯವರೆಗೆ ಉಳಿಯುತ್ತದೋ ಇಲ್ಲವೋ ಎಂದು ಕೂತುಬಿಟ್ಟೆ.

ಪತ್ರ ಯಾಕೆ ಎಂದು ಗಾಬರಿಯಾಗಬೇಡಿರಿ. ಫೋನಿನಲ್ಲಿ ನಮ್ಮದು ನಾಲ್ಕು ಮಾತಿಗೆ ಬಂದು ನಿಂತಿದೆ. "ಊಟ ಆತಾ?" "ಆತ್ರಿ, ನಿಮ್ದು?" "ಆತು." "ಇಡತೇನಿ." ಇಷ್ಟನ್ನು ಯಾರು ಬೇಕಾದರೂ ಯಾರ ಜೊತೆಗೂ ಮಾತಾಡಬಹುದು. ಇಂಟರ್ನೆಟ್ಟಿನಲ್ಲಿ ನಾವಿಬ್ಬರೂ ಕೂಡಿ ಬರೆಯುವ ಪಾಠದ ಪೇಜಿನಲ್ಲೇ ಬರೆಯಬಹುದಿತ್ತು. ಆದರೆ ಅಲ್ಲಿ ನಾನು ಬರೆಯುವುದಷ್ಟೇ ಅಲ್ಲ, ಬರೆದು ಅಳಿಸುವುದೂ ನಿಮಗೆ ಕಾಣುತ್ತದೆ, ಅದಕ್ಕೆ ನಾಚಿಕೆ. ನಿಮಗೆ ಅಷ್ಟು ದೂರದ ಶಹಾಪುರಕ್ಕೆ ಪೋಸ್ಟಿಂಗ್ ಬಂದಾಗ ಆ ಪೇಜನ್ನು ಮಾಡಿಕೊಟ್ಟವರು ನೀವೇ. "ಪುಕ್ಕಟೆ ಐತಿ. ಇಬ್ಬರೂ ಒಂದs ಹಾಳಿಮ್ಯಾಲ ಬರಿಯೂಣು, ಒಂದs ಟೇಬಲ್ಲಿಗೆ ಕುಂತಂಗ ಆಕ್ಕೇತಿ" ಎಂದಿರಿ. ಆಗ ನಿಜಕ್ಕೂ ಹಾಗೇ ಆಗುತ್ತಿತ್ತು. ನಿಮ್ಮ ಲೆಕ್ಕಗಳ ಕನ್ನಡವನ್ನು ನಾನು ತಿದ್ದುವುದು, ನನ್ನ ಅಂಕಪಟ್ಟಿಯ ಕೂಡಿಕೆಯನ್ನು ನೀವು ತಿದ್ದುವುದು. ಪರದೆಯ ಮೇಲೆ ಬರೆಯುವ ಜಾಗ ತೋರಿಸುವ ನನ್ನ ಹಸಿರು ಗೆರೆಯ ಪಕ್ಕದಲ್ಲಿ ನಿಮ್ಮ ಕೇಸರಿ ಗೆರೆ ಮಿಣುಕುತ್ತಿದ್ದರೆ, ನೀವು ಏನೂ ಬರೆಯದಿದ್ದರೂ, ಮನೆಯಲ್ಲಿ ಒಬ್ಬರಿದ್ದಾರೆ ಅನಿಸುತ್ತಿತ್ತು. ದಸರಾ ಆದಮೇಲೆ ಆ ಗೆರೆ ಬಂದಿಲ್ಲ. ಯಾಕೆ ಬಂದಿಲ್ಲವೆಂದು ನನಗೆ ಗೊತ್ತು. ರಜೆ ಮುಗಿಸಿ ನೀವು ಬಸ್ಸು ಹತ್ತುವಾಗ ನಾನು ಕೇಳಿದ್ದೆ, ಈ ಸಲ ವರ್ಗಾವಣೆಗೆ ಕರೆದರೆ, ಗಂಡ ಹೆಂಡತಿ ಒಂದೇ ಕಡೆ ಇರುವ ಅರ್ಜಿಯನ್ನು ನೀವು ತುಂಬುತ್ತೀರೋ, ನಾನು ತುಂಬಲೋ? ನೀವು "ನೋಡೂಣು" ಎಂದಿರಿ. ಹೋದ ವರ್ಷವೂ ನೋಡೂಣು ಎನ್ನುತ್ತಲೇ ತಾರೀಖು ದಾಟಿತು. ಈಗ ಕರೆದಿದ್ದಾರೆ, ಈ ತಿಂಗಳ ಕೊನೆಗೆ ಮುಗಿಯುತ್ತದೆ. ಫೋನಿನಲ್ಲಿ ಆ ಮಾತು ತೆಗೆದರೆ ನಿಮಗೆ ತಕ್ಷಣ ರೇಂಜ್ ಹೋಗುತ್ತದೆ.

ಇರಲಿ, ಮೊದಲು ಇಲ್ಲಿಯ ಸುದ್ದಿ ಕೇಳಿರಿ. ನಿಮ್ಮ ಮೇಲೆ ಸಿಟ್ಟಿದ್ದರೂ ಇದನ್ನು ನಿಮಗೆ ಹೇಳದೆ ಇರಲಾರೆ. ಮಕ್ಕಳೂ ಶಿಕ್ಷಕರೂ ಕೂಡಿ ಬರೆಯುವ ಇಂಥ ಪುಕ್ಕಟೆ ಸೌಲಭ್ಯಗಳ ಬಗ್ಗೆ ನಮಗೂ ಸವದತ್ತಿಯಲ್ಲಿ ತರಬೇತಿ ಕೊಟ್ಟರು. ನನಗೆ ಮೊದಲೇ ಬರುತ್ತಿತ್ತು, ಯಜಮಾನರು ಕಲಿಸಿದ್ದಾರೆ ಎಂದು ಸ್ವಲ್ಪ ಸೊಕ್ಕಿನಿಂದಲೇ ಹೇಳಿಕೊಂಡೆ. ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಕಡೆಯಿಂದ ಒಂದೊಂದು ಶಾಲೆ, ಇಲ್ಲಿಂದ ನಮ್ಮದು, ನಾಲ್ಕೂ ಸೇರಿ ಒಂದು ಪೇಜು ಮಾಡಿದೆವು. ವಿಷಯ ಏನಿಡೋಣ ಎಂದಾಗ ಎಲ್ಲರೂ ಪರಿಸರ, ಸ್ವಚ್ಛತೆ ಎನ್ನುತ್ತಿದ್ದರು. ನಾನು ಒಡಪು ಎಂದೆ. ಲೆಕ್ಕದ ಮಾಸ್ತರರಿಗೆ ಬಿಡಿಸಿ ಹೇಳಬೇಕಲ್ಲ: ಬೇರೆ ಹೊತ್ತಿನಲ್ಲಿ ಗಂಡನ ಹೆಸರನ್ನು ತುಟಿಗೆ ತರದ ಹೆಂಗಸು, ಮದುವೆ, ಬಸುರಿಯರ ಕುಬಸದ ಮನೆಗಳಲ್ಲಿ ಗೆಳತಿಯರು ಬಾಗಿಲಿಗೆ ಅಡ್ಡ ನಿಂತಾಗ, ಎರಡು ಸಾಲಿನ ಪ್ರಾಸದೊಳಗೆ ಆ ಹೆಸರನ್ನು ಕೂರಿಸಿ ಹೇಳಿ ಒಳಗೆ ಬರುತ್ತಾಳಲ್ಲ, ಅದು. ಮಕ್ಕಳು ತಮ್ಮ ತಮ್ಮ ಮನೆಯ ಅಜ್ಜಿಯರನ್ನು ಕೇಳಿ ಅದರಲ್ಲಿ ಬರೆಯಬೇಕು.

ಅಜ್ಜಿಯರು ಮೊದಲು ಮುನಿದರಂತೆ, ಆಮೇಲೆ ನಿಲ್ಲಲೇ ಇಲ್ಲವಂತೆ. ಹೂಲಿಯ ಶಟ್ಟೆವ್ವ ಎಂಬ ಅಜ್ಜಿ ಮೊಮ್ಮಗಳು ರಾಣಿಯ ಕೈಯಲ್ಲಿ ಬರೆಸಿದ್ದು ನೋಡಿರಿ: "ಬುಟ್ಟಿ ತುಂಬ ರೊಟ್ಟಿ, ಹರವಿ ತುಂಬ ನೀರ, ಲಕ್ಕಪ್ಪ ಮನ್ಯಾಗಿದ್ರ ನನಗ ಅದs ಊರ." ಇನ್ನೊಬ್ಬ ಅಜ್ಜಿ ನಮ್ಮ ನವಿಲುತೀರ್ಥದ ಡ್ಯಾಮನ್ನೂ ಬಿಟ್ಟಿಲ್ಲ: "ಮಲಪ್ರಭಾ ಹೊಳಿಗೆ ನವಿಲುತೀರ್ಥದ ಗ್ವಾಡಿ, ರಾಮಲಿಂಗಪ್ಪ ಬರತಾರ ಹೊಡಕೊಂಡ ಜೋಡೆತ್ತಿನ ಗಾಡಿ." ಸಂಜೆಯ ಹೊತ್ತು ಪೇಜು ತೆರೆದರೆ ನಾಲ್ಕು ಕಡೆಯ ಮಕ್ಕಳ ಗೆರೆಗಳು ಒಟ್ಟಿಗೆ ಓಡಾಡುತ್ತಿರುತ್ತವೆ, ಒಬ್ಬರು ಬರೆದದ್ದರ ಮೇಲೆ ಇನ್ನೊಬ್ಬರು ಬರೆದು ಜಗಳ. ಕುಬಸದ ಮನೆಯ ಗದ್ದಲವೇ. ನೀವೂ ಒಂದು ಸಲ ನೋಡಲಿ ಎಂದು ನಿಮ್ಮನ್ನೂ ಆ ಪೇಜಿಗೆ ಸೇರಿಸಿದ್ದೆ. ನೀವು ಬರಲಿಲ್ಲ. ನಿಮ್ಮ ಹೆಸರು ಮಾತ್ರ ಸದಸ್ಯರ ಸಾಲಿನಲ್ಲಿ ನನ್ನ ಹೆಸರಿನ ಕೆಳಗೆ ಇತ್ತು.

ಮಕ್ಕಳು ಸುಮ್ಮನಿರುತ್ತವೆಯೇ? "ಎಲ್ಲಾರದೂ ಆತು, ನಿಮ್ದs ಇಲ್ಲಲ್ರಿ ಟೀಚರ್" ಎಂದು ದಿನಾ ಕಾಡತೊಡಗಿದವು. ನಾನು ಆಮೇಲೆ, ನಾಳೆ ಎಂದು ಜಾರಿಕೊಂಡೆ. ನನಗೆ ಬರುವುದಿಲ್ಲವೆಂದಲ್ಲ, ಮದುವೆಯಲ್ಲಿ ನಾನು ಹೇಳಿದ್ದಕ್ಕೆ ನೀವು ಕಿವಿಯವರೆಗೆ ಕೆಂಪಾಗಿದ್ದಿರಿ. ಆದರೆ ಒಡಪು ಪಕ್ಕದಲ್ಲಿ ಒಬ್ಬರು ನಿಂತಿರುವಾಗ ಹೇಳುವುದು. ಯಾರೂ ಇಲ್ಲದೆ ಹೇಳಿದರೆ ಶಾಲೆಗೆ ಬಾರದ ಹುಡುಗನ ಹಾಜರಿ ಕೂಗಿದಂತಾಗುತ್ತದೆ. ಹೋದ ತಿಂಗಳು ಪಕ್ಕದ ಮನೆಯ ಕುಬಸಕ್ಕೆ ಹೋದಾಗಲೂ ಒಡಪು ಹೇಳು ಎಂದು ಯಾರೂ ಕೇಳಲಿಲ್ಲ, "ಏನರ ವಿಶೇಷ ಐತೇನವಾ?" ಎಂದು ಮಾತ್ರ ಕೇಳಿದರು. ಒಬ್ಬರು ಶಹಾಪುರದಲ್ಲಿ, ಒಬ್ಬರು ಮುನವಳ್ಳಿಯಲ್ಲಿ ಇದ್ದರೆ ವಿಶೇಷ ಏನು ಪೋಸ್ಟಿನಲ್ಲಿ ಬರುತ್ತದೆಯೇ? ನಕ್ಕು, ಉಡಿ ತುಂಬಿಸಿಕೊಂಡು ಮನೆಗೆ ಬಂದೆ.

ಈ ನಡುವೆ ಕಿತ್ತೂರಿನ ಗೌತಮ ಸರ್ ಒಂದು ತಕರಾರು ತೆಗೆದರು. ಹೆಂಗಸರ ಹೆಸರಿನ ಜೊತೆಗೆ ಗಂಡಂದಿರ ಹೆಸರನ್ನೂ ಹೀಗೆ ಎಲ್ಲರೂ ನೋಡುವಂತೆ ಇಡುವುದು ಸರಿಯಲ್ಲ ಎಂದರು. ಸರಿಯಾದ ಮಾತೇ. ಗಂಡಂದಿರ ಹೆಸರನ್ನೆಲ್ಲ ತೆಗೆದು ಚುಕ್ಕೆ ಇಡಿರಿ ಎಂದು ಮಕ್ಕಳಿಗೆ ಹೇಳಿದೆ. ಇಟ್ಟರು. ಬುಟ್ಟಿ ತುಂಬ ರೊಟ್ಟಿ, ಹರವಿ ತುಂಬ ನೀರು, ಮನೆಯಲ್ಲಿ ಇದ್ದದ್ದು ನಾಲ್ಕು ಚುಕ್ಕೆ. ನಿನ್ನೆಯದಲ್ಲ, ಅದರ ಹಿಂದಿನ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದು, ಊಟ ಮಾಡಿ ಪೇಜು ತೆರೆದರೆ ನನಗೆ ನನ್ನ ಕಣ್ಣನ್ನೇ ನಂಬಲಾಗಲಿಲ್ಲ. ಚುಕ್ಕೆಯೇ ಇಲ್ಲ! ರೊಟ್ಟಿಯ ಶಟ್ಟೆವ್ವನಿಗೂ ಸಿದ್ಧಾರೂಢ, ಎತ್ತಿನ ಗಾಡಿ ಹೊಡೆದುಕೊಂಡು ಬರುವವನೂ ಸಿದ್ಧಾರೂಢ, ರಾಮದುರ್ಗದ ಸಾವಿತ್ರೆವ್ವ ಇಳಕಲ್ ಸೀರೆಯ ಸೆರಗು ಹೊದ್ದು ಹೆಸರು ಹೇಳಿ ಒಳಗೆ ಬಂದದ್ದೂ ಸಿದ್ಧಾರೂಢನದೇ. ನಾಲ್ಕು ತಾಲ್ಲೂಕಿನ ಮುತ್ತೈದೆಯರೆಲ್ಲ ಒಂದೇ ಸಲ ನಿಮ್ಮನ್ನು ಮದುವೆಯಾಗಿದ್ದರು.

ಮಾಡಿದವಳು ನಮ್ಮ ಒಂಬತ್ತನೆಯ ತರಗತಿಯ ಶಿವಾನಿ. ಒಂದು ಪದವನ್ನು ಹುಡುಕಿ ಎಲ್ಲ ಕಡೆ ಇನ್ನೊಂದನ್ನು ಹಾಕುವುದನ್ನು ಅದೇ ವಾರ ನಾನೇ ಕಲಿಸಿದ್ದೆ. ಸದಸ್ಯರ ಸಾಲಿನಲ್ಲಿ ನನ್ನ ಕೆಳಗಿದ್ದ ಹೆಸರು ಯಾರದೆಂದು ಊಹಿಸಿ, ಚುಕ್ಕೆ ಇದ್ದಲ್ಲೆಲ್ಲ ನಿಮ್ಮನ್ನು ಕೂರಿಸಿದ್ದಾಳೆ. ಫೋನು ಮಾಡಿ ಗದರಿಸೋಣವೆಂದರೆ ಅವಳು ಹೇಳಿದ್ದು: "ನೀವು ಒಂದೂ ಹೇಳಲಿಲ್ಲಲ್ರಿ ಟೀಚರ್, ಅದಕ್ಕ ಎಲ್ಲಾನೂ ನಿಮಗs ಕೊಟ್ಟೇವ್ರಿ."

ಅಳಿಸಲು ಒಂದು ಗುಂಡಿ ಒತ್ತಿದರೆ ಸಾಕಿತ್ತು. ಒತ್ತಲಿಲ್ಲ. ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತು ಒಂದೊಂದನ್ನೇ ಓದಿದೆ. ಮೊದಲು ಮನಸ್ಸಿನಲ್ಲಿ, ಆಮೇಲೆ ಸಣ್ಣ ದನಿಯಲ್ಲಿ, ಆಮೇಲೆ ದನಿ ಸಣ್ಣದಾಗಿ ಉಳಿಯಲಿಲ್ಲ ಅಂತ ಕಾಣುತ್ತದೆ. ಈ ಮನೆಯೊಳಗೆ ನಾನು ನಿಮ್ಮ ಹೆಸರನ್ನು ಗಟ್ಟಿಯಾಗಿ ಹೇಳಿದ್ದು ಹೊಸ್ತಿಲು ದಾಟಿ ಬಂದ ದಿನ ಮಾತ್ರ. ಅಡಿಗೆಮನೆಯಿಂದ ಅತ್ತೆ "ಏನವಾ ಅದು, ನನ್ನ ಮಗನ ಹೆಸರ ಹಿಡದ ಕರ್ಯಾಕ ಹತ್ತೀಯಲ್ಲ, ಬಂದಾನೇನ?" ಎಂದು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಇಲ್ರಿ, ಮಕ್ಕಳ ಪಾಠ ಎಂದೆ. ಅವರು ಬಾಗಿಲ ಕಡೆಗೊಮ್ಮೆ ನೋಡಿ ಒಳಗೆ ಹೋದರು. ನನಗೆ ಅಳು ಬಂತು. ಬಂದಿದ್ದನ್ನು ಬರೆಯುತ್ತಿದ್ದೇನೆ, ನೀವು ಕನಿಕರಪಡಲಿ ಎಂದಲ್ಲ.

ಸೋಮವಾರ ಮೊದಲ ಪಿರಿಯಡ್ ನಡೆದಾಗಲೇ ಹೂಲಿಯಿಂದ ಶಟ್ಟೆವ್ವ ಖುದ್ದಾಗಿ ಬಂದಳು. ರಾಣಿ ಮನೆಯಲ್ಲಿ ಅಜ್ಜಿಯ ಒಡಪನ್ನು ಅಜ್ಜನ ಎದುರೇ ಫೋನಿನಲ್ಲಿ ತೆಗೆದು ಓದಿದ್ದಾಳೆ, ಲಕ್ಕಪ್ಪಜ್ಜನ ಜಾಗದಲ್ಲಿ ನೀವು ಕೂತಿದ್ದೀರಿ. ಅಜ್ಜ ಆವತ್ತಿನಿಂದ ಹೆಂಡತಿಯ ಜೊತೆ ಮಾತು ಬಿಟ್ಟಿದ್ದಾನಂತೆ. "ಯಾಂವ ಆ ಸಿದ್ಧಾರೂಢ? ಕರೀರಿ ಅವನ್ನ!" ಎಂದು ವರಾಂಡದಲ್ಲಿ ನಿಂತು ಕೂಗಿದಳು. ಹುಡುಗರು ಕಿಟಕಿಗೆ ಜೋತುಬಿದ್ದರು. ನಾನು, ಅವರು ನಮ್ಮ ಮನೆಯವರು ಅಜ್ಜಿ, ಇಲ್ಲಿಲ್ಲ, ಶಹಾಪುರದಲ್ಲಿದ್ದಾರೆ ಎಂದೆ. ಅವಳು "ಮನ್ಯಾಗ ಇಲ್ಲದಾಂವಗ ಇಷ್ಟ ಮಂದಿ ಹೇಣ್ತೇರು ಯಾಕ ಬೇಕವಾ?" ಎಂದಳು. ಕಿಟಕಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಂಪ್ಯೂಟರ್ ತೆರೆದು, ಅವಳು ನೋಡುತ್ತಿರುವಾಗಲೇ ಗುಂಡಿ ಒತ್ತಿದೆ. ಒಂದೇ ಸಲಕ್ಕೆ ನೀವು ಎಲ್ಲ ಮನೆಗಳಿಂದಲೂ ಹೊರಗೆ ಬಿದ್ದಿರಿ. ಚುಕ್ಕೆಗಳು ವಾಪಸು ಬಂದವು. ಅದಕ್ಕೂ ಶಟ್ಟೆವ್ವ ಒಪ್ಪಲಿಲ್ಲ, "ನನ್ನ ಗಂಡ ಚುಕ್ಕಿ ಅಲ್ಲ, ಹೆಸರ ಹಾಕ್ರಿ" ಎಂದು ಬೆರಳಿಟ್ಟು ತೋರಿಸಿ ಲಕ್ಕಪ್ಪ ಎಂದು ಬರೆಸಿಯೇ ಎದ್ದಳು. ಈಗ ಎಲ್ಲ ಚುಕ್ಕೆಗಳ ನಡುವೆ ಅವನೊಬ್ಬನದೇ ಹೆಸರಿದೆ, ಗೌತಮ ಸರ್ ಕೇಳಿದರೆ ಅಜ್ಜಿಯನ್ನೇ ಕಳಿಸುತ್ತೇನೆ. ಹೋಗುವಾಗ ಅವಳು ತಿರುಗಿ "ಬರತಾನೇನ ನಿನ್ನ ಗಂಡ?" ಎಂದು ಕೇಳಿದಳು. ಸಿಟ್ಟು ಇಳಿದಿತ್ತು, ಸುಮ್ಮನೆ ಕೇಳಿದ್ದು. ನೋಡೂಣು ಅಜ್ಜಿ ಎಂದೆ. ನಿಮ್ಮ ಮಾತು ನನ್ನ ಬಾಯಲ್ಲಿ ಬಂದದ್ದು ಕೇಳಿ ನನಗೇ ಹೆದರಿಕೆಯಾಯಿತು.

ರೀ, ನಿಮಗೆ ಅಲ್ಲಿ ಯಾವುದೋ ಕಷ್ಟ ಇರಬಹುದು. ನಾನು ಬಂದರೆ ಆ ತಗಡಿನ ಖೋಲಿಯಲ್ಲಿ ಹೇಗಿರುತ್ತಾಳೋ ಎಂಬ ಚಿಂತೆ ಇರಬಹುದು. ಒಬ್ಬರೇ ಇದ್ದು ಇದ್ದು ಅದೇ ಹಿತವಾಗಿಬಿಟ್ಟಿರಲೂಬಹುದು. ಯಾವುದಾದರೂ ಸರಿ, ಹೇಳಿದರೆ ಕೇಳುವವಳು ನಾನು. ಏನೂ ಹೇಳದೆ ಇರುವುದರ ಜೊತೆ ಸಂಸಾರ ಮಾಡಲು ನನಗೆ ಬರುವುದಿಲ್ಲ. ಒಂಟಿತನಕ್ಕೆ ರೂಢಿಯಾಗುತ್ತದೆ ಎನ್ನುತ್ತಾರೆ, ನನಗೆ ಆಗಿಲ್ಲ, ಆಗುವುದೂ ಬೇಡ. ಸಂಜೆ ಶಾಲೆಯಿಂದ ಬಂದು ಒಂದೇ ಕಪ್ಪು ಚಹಾಕ್ಕೆ ನೀರಿಡುವಾಗ ದಿನಾ ಹೊಸದಾಗಿಯೇ ಬೇಸರವಾಗುತ್ತದೆ.

ಇನ್ನು ಮುಗಿಸುತ್ತೇನೆ. ಅತ್ತೆ ನಿಮಗೆ ಆಶೀರ್ವಾದ ಹೇಳಿದ್ದಾರೆ, ರೊಟ್ಟಿಗೆ ಹಚ್ಚಿಕೊಳ್ಳುವ ಅಗಸಿ ಹಿಂಡಿಯ ಡಬ್ಬಿ ಖಾಲಿಯಾಗಿದ್ದರೆ ತಿಳಿಸಬೇಕಂತೆ, ಖಾಲಿಯಾಗದಿದ್ದರೆ ತಿನ್ನಬೇಕಂತೆ. ಚಳಿಗೆ ಕಿವಿ ಕಟ್ಟಿಕೊಂಡು ಗಾಡಿ ಹೊಡೆಯಿರಿ. ಮನೆದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಇಂತಿ, ನಿಮ್ಮ
ಭಾಗೀರಥಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇಷ್ಟು. ಇವತ್ತು ಬೆಳಿಗ್ಗೆ ನಾನೇ ಆನ್‌ಲೈನಿನಲ್ಲಿ ಅರ್ಜಿ ತುಂಬಿ ಕಳಿಸಿದೆ. ಕೇಳಿದ ಜಾಗ ಶಹಾಪುರ, ಬೇರೆ ಯಾವುದನ್ನೂ ಬರೆದಿಲ್ಲ. ಅತ್ತೆಯನ್ನು ಕೇಳಿಯೇ ಮಾಡಿದೆ, "ನನ್ನ ತಂಗಿ ಇದs ಓಣ್ಯಾಗ ಅದಾಳ, ನಂದೇನ ಚಿಂತಿ, ನೀ ಹೋಗು" ಎಂದರು. ಒಂದೇ ಭಯ. ನೀವೂ ನನಗೆ ಹೇಳದೆ ಸುಮ್ಮನೆ ಈ ಕಡೆಗೆ ಅರ್ಜಿ ತುಂಬಿದ್ದರೆ ಕೂಡಲೇ ಹಿಂದಕ್ಕೆ ತೆಗೆದುಕೊಳ್ಳಿರಿ, ಇಲ್ಲವಾದರೆ ನಾನು ನಿಮ್ಮ ಖೋಲಿಯಲ್ಲಿ, ನೀವು ಈ ಪಡಸಾಲೆಯಲ್ಲಿ ಕೂರಬೇಕಾಗುತ್ತದೆ. ತುಂಬಿರದಿದ್ದರೆ ಏನೂ ಮಾಡಬೇಡಿರಿ. ಅದು ನಿಮಗೆ ರೂಢಿಯಿದೆ.