ಬಾಯಿ ಬಿಡದ ತಪ್ಪಿಗೆ ನಕಲಿ ಸೈನಿಕ

ಮಾಜಿ ಸೈನಿಕರ ಗುರುತು ಮತ್ತು ಯುದ್ಧಸೇವೆ ಪರಿಶೀಲನಾ ಕಚೇರಿಯ ಮುಖ್ಯಾಧಿಕಾರಿಗಳೇ,

‘ಮಾನ್ಯರೇ’ ಎಂದು ಬರೆದು ಎರಡು ಸಲ ಹೊಡೆದುಹಾಕಿದೆ. ಕೈ ಒಪ್ಪಲಿಲ್ಲ. ನನ್ನ ಮಾವ, ಅಂದರೆ ನನ್ನ ಗಂಡನ ತಂದೆ, ಯುದ್ಧಕ್ಕೆ ಹೋಗಿಯೇ ಇಲ್ಲ ಎಂದು ತಮ್ಮ ಕಚೇರಿ ಕಳೆದ ವಾರ ತೀರ್ಮಾನಿಸಿದೆ. ಅವರ ಭಾವಚಿತ್ರ ತಮ್ಮ ಬಾಗಿಲ ಪಕ್ಕದ ಫಲಕದಲ್ಲಿ ‘ನಕಲಿ ಸೈನಿಕರು’ ಎಂಬ ತಲೆಬರಹದ ಕೆಳಗೆ ನೇತಾಡುತ್ತಿದೆ. ಮುಂದಿನ ತಿಂಗಳಿನಿಂದ ಸೈನಿಕ ಆಸ್ಪತ್ರೆಯಲ್ಲಿ ಅವರ ಶ್ವಾಸಕೋಶಕ್ಕೆ ಚಿಕಿತ್ಸೆಯೂ ಇಲ್ಲ. ಇದಕ್ಕೆಲ್ಲ ತಾವು ಕೊಟ್ಟ ಕಾರಣ ಒಂದೇ ಸಾಲು: ‘ವಿಚಾರಣೆಯಲ್ಲಿ ಕೇಳಿದ ಯಾವ ಪ್ರಶ್ನೆಗೂ ಸಮಂಜಸ ಉತ್ತರ ನೀಡಿರುವುದಿಲ್ಲ.’ ಆ ಸಾಲು ನಿಜ. ಅದು ನಿಜವಾಗಿರುವುದಕ್ಕೇ ನನಗೆ ಇಷ್ಟೊಂದು ಅಸಹ್ಯ.

ಎಲ್ಲೋ ಒಬ್ಬ ಆಸಾಮಿ ಸಂತೆಯಲ್ಲಿ ಕೊಂಡ ಪದಕ ತೋರಿಸಿ ವರ್ಷಗಟ್ಟಲೆ ಸರ್ಕಾರಕ್ಕೆ ಟೋಪಿ ಹಾಕಿದನಂತೆ. ಅದಕ್ಕೆ ತಾವು ಮೈಕೊಡವಿ ಎದ್ದು, ಎಂಬತ್ತು ದಾಟಿದ ಸೈನಿಕರನ್ನೆಲ್ಲ ಮತ್ತೆ ಪರೀಕ್ಷಿಸಲು ಹೊರಟಿರಿ. ಪರೀಕ್ಷಿಸುವುದಕ್ಕೆ ನನ್ನ ತಕರಾರಿಲ್ಲ. ನನ್ನದು ಕನ್ನಡಕದ ಅಂಗಡಿ. ಪರವಾನಗಿಗಾಗಿ ಕಣ್ಣಿನ ಪರೀಕ್ಷೆಗೆ ಬರುವ ಚಾಲಕರಲ್ಲಿ ಕೆಲವರು ಗೋಡೆಯ ಮೇಲಿನ ಅಕ್ಷರಗಳನ್ನು ಮೊದಲೇ ಬಾಯಿಪಾಠ ಮಾಡಿಕೊಂಡಿರುತ್ತಾರೆ. ಹಲಗೆಯನ್ನು ತಿರುಗಿಸಿಟ್ಟರೂ ಅರಳು ಹುರಿದಂತೆ ಒಪ್ಪಿಸಿಬಿಡುತ್ತಾರೆ. ಸುಳ್ಳು ಹೇಳುವವರು ತಡವರಿಸುವುದು ಕಡಿಮೆ ಎಂದು ನಾನು ಕಲಿತದ್ದು ಅಲ್ಲಿ. ತಾವು ಎಲ್ಲಿ ಏನು ಕಲಿತಿರೋ ಗೊತ್ತಿಲ್ಲ.

ನನ್ನ ಮಾವ ಯುದ್ಧದಲ್ಲಿ ಟೆಲಿಫೋನ್ ತಂತಿ ಎಳೆಯುವ ಪಡೆಯಲ್ಲಿದ್ದರು. ತಂತಿಯ ಉರುಳೆಯನ್ನು ಬೆನ್ನಿಗೆ ಕಟ್ಟಿಕೊಂಡು ಒಂದು ಠಾಣೆಯಿಂದ ಇನ್ನೊಂದಕ್ಕೆ ತೆವಳುವುದು ಕೆಲಸ. ಹಾಗೆ ಹೋದಾಗ ಸಿಕ್ಕಿಬಿದ್ದು, ಹತ್ತಿರಹತ್ತಿರ ಒಂದು ವರ್ಷ ಶತ್ರುಗಳ ಸೆರೆಯಲ್ಲಿದ್ದರು. ತಂತಿಯ ಕಥೆ, ಫೋನಿನಲ್ಲೇ ಸೀನುತ್ತಿದ್ದ ಮೇಲಧಿಕಾರಿಯ ಕಥೆ, ಎಲ್ಲ ಮನೆಯಲ್ಲಿ ನಗಿಸಿ ನಗಿಸಿ ಹೇಳಿದ್ದಾರೆ. ಸೆರೆಯ ವಿಷಯ ಮಾತ್ರ ಕೇಳಿದರೆ ಗಪ್‌ಚುಪ್. ಸೆರೆಸಿಕ್ಕ ಸೈನಿಕನು ತನ್ನ ಸೇನಾ ಸಂಖ್ಯೆ, ಹುದ್ದೆ, ಹೆಸರು ಇವಿಷ್ಟನ್ನೇ ಹೇಳಬೇಕು, ನಾಲ್ಕನೆಯ ಮಾತು ಬಾಯಿಂದ ಹೊರಡಬಾರದು ಎಂಬ ನಿಯಮವನ್ನಷ್ಟೇ ಮಗನಿಗೆ ಕಲಿಸಿದ್ದರು. ನನ್ನ ಗಂಡ ಹುಡುಗನಾಗಿದ್ದಾಗ ಶಾಲೆಯ ಕಿಟಕಿಗೆ ಕಲ್ಲು ಹೊಡೆದು ಸಿಕ್ಕಿಬಿದ್ದರಂತೆ. ಜೊತೆಗೆ ಯಾರಿದ್ದರು ಎಂದು ಮೇಷ್ಟ್ರು ಎಷ್ಟು ಗದರಿದರೂ ಹಾಜರಿ ಸಂಖ್ಯೆ, ತರಗತಿ, ಹೆಸರು ಇಷ್ಟನ್ನೇ ಒಪ್ಪಿಸುತ್ತಾ ನಿಂತಿದ್ದರಂತೆ. ಏಟು ತಿಂದು ಮನೆಗೆ ಬಂದ ಮಗನನ್ನು ಮಾವ ಹೆಗಲ ಮೇಲೆ ಕೂರಿಸಿಕೊಂಡು ಬೀದಿ ಸುತ್ತಿದ್ದರು. ಅತ್ತೆ ಬದುಕಿದ್ದ ತನಕ ಆ ಮೆರವಣಿಗೆಗಾಗಿ ಅವರನ್ನು ಬೈಯುತ್ತಿದ್ದರು.

ಈಗ ತಮ್ಮ ವಿಚಾರಣಾ ಕೊಠಡಿಗೆ ಬರೋಣ. ಮನೆಯವರು ಉತ್ತರ ಹೇಳಿಕೊಡಬಾರದೆಂದು ನಮ್ಮನ್ನು ಹೊರಗೆ ನಿಲ್ಲಿಸಿದಿರಿ. ಗಾಜಿನ ಗೋಡೆಯಾಚೆಯಿಂದ ಎಲ್ಲ ಕಾಣುತ್ತಿತ್ತು, ಮೇಲಿನ ಸಂದಿಯಿಂದ ಮಾತೂ ಕೇಳುತ್ತಿತ್ತು. ಉದ್ದ ಮೇಜು, ಆಚೆ ಮೂವರು, ನಡುವಿನ ಕುರ್ಚಿಯಲ್ಲಿ ತಾವು. ಈಚೆ ಬೆನ್ನಾನಿಕೆಯಿಲ್ಲದ ಸ್ಟೂಲಿನ ಮೇಲೆ ತೊಂಬತ್ತರ ಹತ್ತಿರದ ಮುದುಕ, ಅವರ ಬೆನ್ನ ಹಿಂದೆ ಬಾಗಿಲಿಗೆ ಅಡ್ಡಲಾಗಿ ಒಬ್ಬ ಕಾವಲುಗಾರ. ಮುಖಕ್ಕೆ ಸರಿಯಾಗಿ ಕ್ಯಾಮೆರಾದ ದೀಪ. ‘ಈ ಅವಧಿಯಲ್ಲಿ ಎಲ್ಲಿದ್ದಿರಿ? ಠಾಣೆ ಎಲ್ಲಿತ್ತು? ನಿಮ್ಮ ಮೇಲಧಿಕಾರಿ ಯಾರು?’ ಸುಳ್ಳು ಹಿಡಿಯಲು ಒಂದೇ ಪ್ರಶ್ನೆಯನ್ನು ಮೂರು ಸಲ ಬೇರೆಬೇರೆ ಬಾಯಿಂದ ಕೇಳಬೇಕೆಂಬುದು ತಮ್ಮ ಕಚೇರಿಯ ಪದ್ಧತಿಯಂತೆ. ಯಾರು ಕಂಡುಹಿಡಿದರು ಸ್ವಾಮಿ ಈ ಪದ್ಧತಿಯನ್ನು? ಸೆರೆಮನೆ ಕಂಡು ಬಂದ ಮನುಷ್ಯನನ್ನು ಹೀಗೆ ಕೂರಿಸಿದರೆ ಅವನು ಎಲ್ಲಿಗೆ ಮರಳುತ್ತಾನೆಂದು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ?

ಮಾವ ಬೆನ್ನು ನೆಟ್ಟಗೆ ಮಾಡಿ, ಅಂಗೈಗಳನ್ನು ಮಂಡಿಯ ಮೇಲಿಟ್ಟುಕೊಂಡರು. ಸಂಖ್ಯೆ, ಹುದ್ದೆ, ಹೆಸರು. ತಾವು ಮತ್ತೆ ಕೇಳಿದಿರಿ. ಸಂಖ್ಯೆ, ಹುದ್ದೆ, ಹೆಸರು. ಎಡಗಡೆಯ ಸಾಹೇಬರು ಕಿಸಕ್ಕನೆ ನಕ್ಕು, ಗ್ರಾಮಫೋನು ಸಿಕ್ಕಿಹಾಕಿಕೊಂಡಿದೆ ಅಂದರು. ಆಗ ತಾವು ಮುಂದಕ್ಕೆ ಬಾಗಿ, ದನಿಗೆ ಜೇನು ಸವರಿಕೊಂಡು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ.

“ನಾವು ನಿಮ್ಮೋರೇ ಅಜ್ಜ, ಹೆದರಬೇಡಿ. ಜೊತೆಗೆ ಯಾರ್ಯಾರಿದ್ರು ಹೇಳಿಬಿಡಿ, ಬೇಗ ಮನೆಗೆ ಹೋಗ್ಬಹುದು.”

ಮಾವನ ಗಂಟಲು ಒಣಗಿ ಕೆಮ್ಮು ಬಂತು. ನೀರಿನ ಲೋಟ ತಮ್ಮ ಕೈಗೆ ಹತ್ತಿರದಲ್ಲೇ ಇತ್ತು. ಉತ್ತರ ಬಂದ ಮೇಲೆ ಕೊಡೋಣವೆಂದುಕೊಂಡಿರೋ, ಮರೆತೇಬಿಟ್ಟಿರೋ. ಕೆಮ್ಮಿನ ನಡುವೆಯೂ ಅವರು ಹೇಳಿದ್ದು ಅದೇ ಮೂರು ಮಾತು. ನಾನು ಗಾಜನ್ನು ಬಡಿದದ್ದಕ್ಕೆ ತಮ್ಮ ಜವಾನ ನನ್ನನ್ನು ಕಟ್ಟಡದ ಆಚೆಗೆ ಕಳಿಸಿದ.

ಅಲ್ಲಿ ಮಾವನಿಗಿಂತ ಮೊದಲು ಒಳಗೆ ಹೋಗಿದ್ದ ಮಹನೀಯರು ಸಿಕ್ಕರು. ಬಹಳ ಖುಷಿಯಲ್ಲಿದ್ದರು. ಹತ್ತು ಜನರನ್ನು ಒಬ್ಬನೇ ಅಟ್ಟಿಸಿಕೊಂಡು ಹೋದ ಕಥೆಯನ್ನು ನನಗೂ ಒಂದು ಸುತ್ತು ಹೇಳಿದರು. ಒಳಗೆ ಹೇಳಿದಾಗ ಸಾಹೇಬರುಗಳು ಚಹಾ ತರಿಸಿದರಂತೆ, ಕೈಕುಲುಕಿದರಂತೆ. ನಿಮ್ಮ ಸಂಖ್ಯೆ ಏನು ಅಂತ ಸುಮ್ಮನೆ ಕೇಳಿದೆ. ಅಷ್ಟು ಹಿಂದಿನದು ಯಾರಿಗೆ ನೆನಪಿರುತ್ತದಮ್ಮ ಎಂದು ನಕ್ಕರು. ಅವರು ಅಸಲಿ ಎಂದು ತಮ್ಮ ಮೊಹರು ಬಿದ್ದಿದೆ. ಅವರಿಗೆ ಒಳ್ಳೆಯದಾಗಲಿ.

ಬಾಡಿಗೆ ಕಾರಿನಲ್ಲಿ ಮನೆಗೆ ಮರಳುವಾಗ ಮಾವ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ತಿರುಗಿ ನೋಡಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, ಚಾಲಕನಿಗೆ ಕೇಳದಂತೆ, “ಒಬ್ಬರ ಹೆಸರೂ ಹೇಳ್ಲಿಲ್ಲ ಮಗಳೇ. ನಮ್ಮ ಹುಡುಗರೆಲ್ಲ ಕ್ಷೇಮ,” ಅಂದರು. ಆ ಹುಡುಗರಲ್ಲಿ ಕೊನೆಯವರು ತೀರಿಕೊಂಡೇ ಎಷ್ಟೋ ವರ್ಷವಾಯಿತು. ನನಗೆ ಅಳು ತಡೆಯಲಾಗಲಿಲ್ಲ. ಅವರು ಮಾತ್ರ ಗೆದ್ದು ಬಂದವರ ಹಾಗೆ ಕೂತಿದ್ದರು.

ಮುಂದಿನದ್ದು ತಮ್ಮ ನೋಟೀಸು. ಪುನರ್‌ವಿಚಾರಣೆಗೆ ಕೊನೆಯ ಅವಕಾಶವಿದೆಯಂತೆ, ಅದೇ ಕೊಠಡಿಯಲ್ಲಿ ‘ಪೂರ್ಣವಾಗಿ ಸಹಕರಿಸ’ಬೇಕಂತೆ. ಆಸ್ಪತ್ರೆ ತಪ್ಪಿಹೋದರೆ ಆ ಎದೆ ಚಳಿಗಾಲ ದಾಟುವುದಿಲ್ಲವೆಂದು ಡಾಕ್ಟರು ಹೇಳಿದ್ದಾರೆ. ಹಾಗಾಗಿ ನಾನೇ ಮಾವನ ಮುಂದೆ ಕುರ್ಚಿ ಎಳೆದುಕೊಂಡು ಕೂತೆ. ಮಾವ, ಆ ಕಚೇರಿಯವರು ನಮ್ಮವರೇ, ಈ ಸಲ ಎಲ್ಲಿದ್ದೆ, ಯಾರ ಜೊತೆಗಿದ್ದೆ ಅಂತ ಹೇಳಿಬಿಡಿ ಎಂದು ಕೈಹಿಡಿದು ಬೇಡಿಕೊಂಡೆ. ಮಾವ ನನ್ನ ಮುಖವನ್ನು ದಿಟ್ಟಿಸಿದರು. ಮೆಲ್ಲಗೆ ಕೈ ಬಿಡಿಸಿಕೊಂಡರು.

“ಅವರೂ ಹಾಗೇ ಅಂದಿದ್ರು,” ಎಂದರು.

ಮದುವೆಯಾಗಿ ಬಂದ ದಿನದಿಂದ ನನ್ನನ್ನು ಮಗಳೇ ಎಂದು ಬಿಟ್ಟರೆ ಬೇರೆ ರೀತಿ ಕರೆದವರಲ್ಲ. ಮಾರನೆಯ ದಿನ ಬೆಳಿಗ್ಗೆ, ಮಾತ್ರೆ ತೆಗೆದುಕೊಂಡಿರಾ ಎಂದು ಕೇಳಿದೆ. ಬೆನ್ನು ನೆಟ್ಟಗೆ ಮಾಡಿ, ಅಂಗೈಗಳನ್ನು ಮಂಡಿಯ ಮೇಲಿಟ್ಟುಕೊಂಡು, ನನಗೂ ಸಂಖ್ಯೆ, ಹುದ್ದೆ, ಹೆಸರು ಹೇಳಿದರು. ಅಂದಿನಿಂದ ನಾನು ಕೊಟ್ಟ ನೀರನ್ನು ಮೊದಲು ಮೂಸಿ ನೋಡುತ್ತಾರೆ. ಇದನ್ನು ಮಾಡಿಟ್ಟವರು ತಾವು. ಶತ್ರುಗಳಿಗೆ ಒಂದು ವರ್ಷದಲ್ಲಿ ಸಾಧ್ಯವಾಗದ್ದನ್ನು ತಾವು ಒಂದೇ ಬೆಳಗಿನಲ್ಲಿ ಸಾಧಿಸಿದ್ದೀರಿ, ಅದೂ ಸರ್ಕಾರಿ ಸಂಬಳದಲ್ಲಿ.

ನನ್ನ ಬೇಡಿಕೆ ಕೇಳಿ. ಆ ಫಲಕದಿಂದ ಅವರ ಚಿತ್ರವನ್ನು ಇವತ್ತೇ ಇಳಿಸಿ. ಆಸ್ಪತ್ರೆಯ ಬಾಗಿಲು ತೆರೆಸಿ. ಅವರನ್ನು ಮತ್ತೆ ಆ ಮೇಜಿನ ಮುಂದೆ ಕರೆಯಬೇಡಿ, ಕರೆದರೂ ನಾನು ಕಳಿಸುವುದಿಲ್ಲ. ತಮ್ಮ ಇಲಾಖೆಯಲ್ಲಿ ಅವರಿಗಿಂತ ಮೇಲಿನ ಹುದ್ದೆಯ ಒಬ್ಬ ಸೈನಿಕನಾದರೂ ಇದ್ದರೆ, ಸಮವಸ್ತ್ರ ತೊಟ್ಟು ನಮ್ಮ ಮನೆಗೆ ಬರಲಿ. ಯಾವ ಪ್ರಶ್ನೆಯನ್ನೂ ಕೇಳದೆ, ಯುದ್ಧ ಮುಗಿದಿದೆ, ನೀನು ಬಿಡುಗಡೆಯಾಗಿದ್ದೀಯ, ಇದು ನಿನ್ನದೇ ಮನೆ ಎಂದು ಅವರಿಗೆ ಆಜ್ಞೆ ಮಾಡಲಿ. ನನ್ನ ಮಾತನ್ನು ಅವರು ನಂಬುವುದಿಲ್ಲ.

ಇಂತಿ,
ತಮ್ಮ ಕಡತದ ಪ್ರಕಾರ ನಕಲಿ ಸೈನಿಕನ ಸೊಸೆ,
ಮಾವನ ಲೆಕ್ಕದಲ್ಲಿ, ಸದ್ಯಕ್ಕೆ, ಶತ್ರುಪಾಳಯದವಳು