ಅವರು ನೋಡುತ್ತಿದ್ದ ಗೋಡೆ

ಗಾಳಿಪೇಟೆ, ಕಪ್ಪತಗುಡ್ಡ
ಫೆಬ್ರವರಿ ೩೧, ೨೪೧೬

ನಾಲ್ಕು ನೂರು ವರ್ಷ ಹಿಂದಿರುವ ನಿಮಗೆ ನಮಸ್ಕಾರ.

ಮೇಲಿನ ತಾರೀಖು ತಪ್ಪಲ್ಲ. ಫೆಬ್ರವರಿಯೊಂದಕ್ಕೇ ದಿನ ಕಡಿಮೆ ಯಾಕೆ ಎಂದು ಯಾರೋ ವಾದ ಹೂಡಿ ಗೆದ್ದು ನೂರು ವರ್ಷವಾಯಿತು. ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ದಯವಿಟ್ಟು ಕ್ಷಮಿಸಿ. ನಿಮ್ಮ ಕಾಲದ ಪುಸ್ತಕಗಳನ್ನು ಎದುರಿಗಿಟ್ಟುಕೊಂಡು ನಿಮ್ಮ ಹಾಗೆ ಬರೆಯಲು ನೋಡುತ್ತಿದ್ದೇನೆ. ಪತ್ರ ನಿಮ್ಮನ್ನು ಮುಟ್ಟುವುದು ಕಾಲಂಚೆಯಿಂದ, ಅಂದರೆ ಹಿಂದಿನವರಿಗೆ ಕಾಗದ ಕಳಿಸುವ ಅಂಚೆಯಿಂದ. ಅದು ಹೇಗೆ ನಡೆಯುತ್ತದೆಂದು ನನಗೆ ತಿಳಿಯದು, ಕೇಳಿದರೆ ಅಂಚೆಯವರೂ ಗೊಣಗುತ್ತಾರೆ. ಆದರೆ ಒಂದು ನಿಯಮವಿದೆ: ನಿಮಗೆ ಲಾಭವಾಗುವ ಯಾವ ಸುದ್ದಿಯನ್ನೂ ಬರೆಯುವಂತಿಲ್ಲ. ಹಾಗಾಗಿ ನನ್ನ ಮನೆಯ ಸುದ್ದಿ ಬರೆಯುತ್ತಿದ್ದೇನೆ. ಅಂಚೆಯವರು ಓದಿ, ಇದರಿಂದ ಯಾರಿಗೂ ಏನೂ ಲಾಭವಿಲ್ಲ ಎಂದು ಮುದ್ರೆ ಒತ್ತುತ್ತಾರೆ.

ನನ್ನ ಹೆಸರು ಶಿವಗಂಗಾ. ನಮ್ಮ ಊರಿನ ಇಬ್ಬನಿ ಬಲೆಗಳ ಉಸ್ತುವಾರಿ ನನ್ನದು. ಗುಡ್ಡದ ನೆತ್ತಿಯ ಮೇಲೆ ಒಂದೂವರೆ ಮೈಲಿ ಉದ್ದಕ್ಕೆ ಬಲೆ ಕಟ್ಟಿದ್ದೇವೆ. ಬೆಳಗಿನ ತೇವ ಅದಕ್ಕೆ ಅಂಟಿ, ಹನಿಯಾಗಿ ಇಳಿದು, ಊರಿಗೆ ಕುಡಿಯುವ ನೀರಾಗುತ್ತದೆ. ಎಲ್ಲಿ ಹರಿದಿದೆ, ಯಾವ ಕೊಳವೆ ಕಟ್ಟಿಕೊಂಡಿದೆ, ಯಾರ ಮನೆಗೆ ನೀರು ಮುಟ್ಟಿಲ್ಲ ಎನ್ನುವುದೇ ಹಗಲೆಲ್ಲ ನನ್ನ ತಲೆಯೊಳಗೆ. ನನ್ನ ಗಂಡ ಚನ್ನವೀರ ಗಾಳಿಯಂತ್ರಗಳ ರೆಕ್ಕೆ ದುರಸ್ತಿ ಮಾಡುವವರು. ಹಗ್ಗ ಕಟ್ಟಿಕೊಂಡು ಎತ್ತರದಲ್ಲಿ ತೂಗಾಡುವ ಕೆಲಸ. ಮನೆಗೆ ಬಂದರೆ ಅಡುಗೆಮನೆಯ ಬಾಗಿಲ ಹತ್ತಿರ ಮಣೆ ಹಾಕಿಕೊಂಡು ಎದುರಿನ ಗೋಡೆ ನೋಡುತ್ತ ಕೂರುತ್ತಿದ್ದರು. ನಾನು ದಿನದ ಕಥೆಯೆಲ್ಲ ಹೇಳಿದರೆ "ಹೂಂ" ಅನ್ನುತ್ತಿದ್ದರು. ಇಪ್ಪತ್ತೆರಡು ವರ್ಷ ಆ ಹೂಂ ಕೇಳಿದೆ.

ಆರು ವರ್ಷದ ಹಿಂದೆ ನನ್ನನ್ನು ಇಡೀ ಗುಡ್ಡಸಾಲಿನ ನೀರಿಗೆ ಮುಖ್ಯಸ್ಥೆಯನ್ನಾಗಿ ಆರಿಸಿದರು. ಓಡುತ್ತ ಬಂದು ಹೇಳಿದೆ. ಅವರು ಗೋಡೆಯಿಂದ ಕಣ್ಣು ತೆಗೆಯದೆ "ಹೂಂ" ಅಂದರು. ನಾನು ಜಗಳವಾಡಲಿಲ್ಲ. ಮರುದಿನ ಪಂಚಾಯ್ತಿ ಕಟ್ಟೆಗೆ ಹೋಗಿ ಬೇರೆಯಾಗಲು ಅರ್ಜಿ ಕೊಟ್ಟೆ. ಅವರನ್ನು ಕರೆಸಿ ಕೇಳಿದಾಗ ಅದಕ್ಕೂ "ಹೂಂ" ಅಂದರಂತೆ.

ನಮ್ಮಲ್ಲಿ ಗಂಡ ಹೆಂಡತಿ ಬೇರೆಯಾಗುವ ಮೊದಲು ಕಣ್ಣೆರವು ಮಾಡಲೇಬೇಕು. ಒಬ್ಬರ ಒಂದು ಬೆಳಗನ್ನು ಇನ್ನೊಬ್ಬರು ಎರವಲು ಪಡೆಯುವುದಕ್ಕೆ ಆ ಹೆಸರು. ಹಣೆಗೆ ಒದ್ದೆ ಬಟ್ಟೆಯಂಥ ಪಟ್ಟಿ ಸುತ್ತಿ ಮಂಚದ ಮೇಲೆ ಮಲಗಿಸುತ್ತಾರೆ. ಆ ಮನುಷ್ಯ ಕಂಡದ್ದು, ಕೇಳಿದ್ದು, ಉಂಡದ್ದು, ಅದರಿಂದ ಮನಸ್ಸು ಹಿಗ್ಗಿದ್ದು ಕುಗ್ಗಿದ್ದು, ಎಲ್ಲ ನಿಮ್ಮದೇ ಆಗುತ್ತದೆ. ಮಾತಾಗಿ ಮೂಡುವ ವಿಚಾರ ಮಾತ್ರ ದಾಟಿ ಬರುವುದಿಲ್ಲ. ಜನ ಹೆಚ್ಚಾಗಿ ಚಂದ್ರನ ಮೇಲೆ ದುಡಿಯುವವರ, ಕಡಲ ತಳಕ್ಕೆ ಇಳಿಯುವವರ ಬೆಳಗುಗಳನ್ನು ಸರದಿ ನಿಂತು ಎರವಲು ತರುತ್ತಾರೆ. ನಮ್ಮ ಕಣ್ಣೆರವಿನ ಮನೆಯ ಮೈಮೂನಕ್ಕ ನನಗೆ ಪಟ್ಟಿ ಸುತ್ತುತ್ತಿದ್ದಾಗ ನಾನು ಹೇಳಿದೆ:

"ಮೈಮೂನಕ್ಕ, ಅವರೊಳಗ ಏನೂ ಇರೂದಿಲ್ಲ. ಲಗೂನ ಮುಗಸ್ರಿ, ಇಬ್ಬನಿ ಬಲಿ ಕಡೆ ಹೋಗಬೇಕು."

"ಏನೂ ಇಲ್ಲಂದ್ರ ನಿದ್ದಿ ಬರತೈತಿ. ಮಲಗಿ ಎದ್ದು ಹೋಗವಾ," ಅಂದಳು.

ಕಣ್ಣು ಮುಚ್ಚಿದೆ. ಮೊದಲು ಬಂದದ್ದು ಕಂಬಳಿಯ ಭಾರ. ನಾನು ಎಂದೂ ಕಂಬಳಿಗೆ ಭಾರವಿದೆ ಎಂದುಕೊಂಡವಳಲ್ಲ, ಎದ್ದರೆ ಒದ್ದು ಹೊರಡುವವಳು. ಅವರಿಗೆ ಅದು ಯಾರೋ ಕೈ ಇಟ್ಟ ಹಾಗೆ ಇತ್ತು. ಆಮೇಲೆ ತಣ್ಣೀರು ಮುಖಕ್ಕೆ. ಆಮೇಲೆ ನನ್ನದೇ ಅಡುಗೆಮನೆ, ಆದರೆ ಬಣ್ಣಗಳು ಬೇರೆ: ನನ್ನ ಕೆಂಪು ಸೆರಗು ಅವರಿಗೆ ಮಣ್ಣಿನಂತೆ ಮಸುಕು, ಹಿತ್ತಾಳೆಯ ಕೊಡ ಮಾತ್ರ ಉರಿಯುವಷ್ಟು ಹಳದಿ. ನಾನು ಅಲ್ಲಿ ಒಂದು ಸದ್ದಾಗಿ ಓಡಾಡುತ್ತಿದ್ದೆ. ಬಳೆ, ಸೌಟು, ನನ್ನ ಮಾತು, ಎಲ್ಲ ಒಂದೇ ಹರಿವಿನಲ್ಲಿ. ಅದು ಅವರಿಗೆ ಬೇಸರವಾಗಿರಲಿಲ್ಲ. ಹೊಳೆಯ ಪಕ್ಕ ಕೂತವರಿಗೆ ಇರುವಂಥ ನೆಮ್ಮದಿ ಇತ್ತು. ಆದರೆ ಒಂದು ಮಾತೂ ಬಿಡಿಯಾಗಿ ಒಳಗಿಳಿಯುತ್ತಿರಲಿಲ್ಲ ಎಂಬುದೂ ಗೊತ್ತಾಗಿ ಸಿಟ್ಟು ಬಂತು.

ಅಷ್ಟರಲ್ಲಿ ಉಪ್ಪಿಟ್ಟಿನ ಮೊದಲ ತುತ್ತು ಬಾಯಿಗೆ ಬಿತ್ತು. ನಾನು ಮಂಚದ ಮೇಲೆ ಥೂ ಎಂದು ಉಗುಳಿದೆನಂತೆ. ಕೊತ್ತಂಬರಿ ಸೊಪ್ಪು ಸಾಬೂನಿನ ಹಾಗಿತ್ತು. ಬಟ್ಟೆ ಒಗೆಯುವ ಸಾಬೂನು. ಅವರು ಅದನ್ನು ಶಾಂತವಾಗಿ ಅಗಿದು ನುಂಗಿದರು, ಇನ್ನೊಂದು ತುತ್ತು ತೆಗೆದುಕೊಂಡರು. ಇಪ್ಪತ್ತೆರಡು ವರ್ಷ ನಾನು ಸಾರಿಗೆ, ಪಲ್ಯಕ್ಕೆ, ಮಜ್ಜಿಗೆಗೂ ಹಿಡಿಗಟ್ಟಲೆ ಕೊತ್ತಂಬರಿ ಹಾಕಿದ್ದೆ.

ಕೊನೆಗೆ ಗೋಡೆ ಬಂತು. ಕಿಟಕಿಯ ಬಿಸಿಲು ಕೊಡದ ನೀರಿನ ಮೇಲೆ ಬಿದ್ದು, ಅಲ್ಲಿಂದ ಗೋಡೆಗೆ ಹಾರಿ ನಡುಗುತ್ತಿತ್ತು. ಅಷ್ಟೇ. ನಾನು ಹೆಜ್ಜೆ ಹಾಕಿದಾಗಲೆಲ್ಲ ನೀರು ಅಲುಗಿ ಆ ಬೆಳಕಿನ ಬಲೆ ಹರಿದು ಮತ್ತೆ ಕೂಡಿಕೊಳ್ಳುತ್ತಿತ್ತು. ಅದನ್ನು ನೋಡುತ್ತಿದ್ದ ಅವರೊಳಗೆ ಎಂಥ ಹಿಗ್ಗು ಇತ್ತೆಂದರೆ, ಅದಕ್ಕೆ ಕಾರಣ ಹುಡುಕಿದರೆ ಸಿಗುತ್ತಿರಲಿಲ್ಲ. ಬೆಳಕಿದೆ, ಅದನ್ನು ನೋಡಲು ತಾನೂ ಇದ್ದೇನೆ, ಈ ಎರಡೂ ಒಟ್ಟಿಗೆ ಆಗಿಬಿಟ್ಟಿದೆ ಎಂಬ ಬೆರಗು. ನನ್ನ ಜನ್ಮದಲ್ಲಿ ಅಷ್ಟು ಸುಮ್ಮನೆ ನಾನು ಎಂದೂ ಸಂತೋಷವಾಗಿದ್ದಿಲ್ಲ.

ಪಟ್ಟಿ ಬಿಚ್ಚಿದಾಗ ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ತಿಳಿಯಲಿಲ್ಲ. ಮೈಮೂನಕ್ಕ ಏನಾತವಾ ಎಂದು ಗಾಬರಿಯಾದಳು.

"ಈ ಮನಷ್ಯಾ ಇಪ್ಪತ್ತೆರಡು ವರ್ಷ ಸಾಬೂನು ತಿಂದಾರ್ರೀ," ಅಂದೆ.

ಪಕ್ಕದ ಕೋಣೆಯಿಂದ ಅವರೂ ಬಂದರು. ನನ್ನ ಬೆಳಗನ್ನು ಮುಗಿಸಿ ಬಂದಿದ್ದರು, ಅಂಗೈ ಬೆವತಿತ್ತು. ಬೆಂಚಿನ ಮೇಲೆ ಕೂತು ಮೊದಲು ನಾನೇ ಕೇಳಿದೆ.

"ಕೊತ್ತಂಬರಿ ಸೇರೂದಿಲ್ಲಂತ ಒಂದ್ ದಿನಾನೂ ಯಾಕ ಹೇಳಲಿಲ್ರಿ?"

"ಎಲ್ಲಾರಿಗೂ ಹಂಗ ಇರತೈತಿ, ಆದ್ರೂ ತಿಂತಾರ ಅಂತ ತಿಳಕೊಂಡಿದ್ದೆ."

"ಮತ್ತ ಆ ಗ್ವಾಡಿ? ನನ್ನ ಕರದು ತೋರಿಸಬಾರದಾಗಿತ್ತೇನು?"

"ನಿನಗೂ ಕಾಣತಿರತೈತಿ ಅಂದಕೊಂಡೆ ಗಂಗಾ. ಕಣ್ಣಮುಂದ ಇದ್ದದ್ದು ಏನ್ ಕರದು ತೋರಸೂದು?"

ಅವರೇ ಮುಂದುವರಿಸಿದರು. "ನಿನ್ನ ಒಳಗ ಭಾಳ ಗದ್ದಲ ಐತಿ. ಇಡೀ ಊರಿನ ಬಾಯಾರಿಕಿ ನಿನಗ ಒಬ್ಬಾಕಿಗೇ ಆದಂಗ. ನಾ ಅರ್ಧ ತಾಸಿಗೇ ದಣದೆ. ಆಮ್ಯಾಲೆ ನನ್ನ ಹೂಂ ಕೇಳಿದೆ." ಕೈ ಒರೆಸಿಕೊಂಡರು. "ಒಳಗಿಂದ ಅದು ಹಂಗ ಇರಲಿಲ್ಲ. ಹೊರಗಿಂದ, ಮಾರಿ ಮ್ಯಾಲೆ ಬಾಗಲಾ ಹಾಕಿದಂಗ ಇತ್ತು."

ಅಲ್ಲಿಯವರೆಗೆ ಅವರ ಬಾಯಿಂದ ನಾನು ಕೇಳಿದ ಅತಿ ಉದ್ದದ ಮಾತು ಅದು. ಪಂಚಾಯ್ತಿಯಿಂದ ತನ್ನ ಕೈಗೆ ಬಂದಿದ್ದ ಅರ್ಜಿ ಏನು ಮಾಡಲಿ ಎಂದು ಮೈಮೂನಕ್ಕ ಕೇಳಿದಳು. ಒಂದು ತಿಂಗಳು ಹಾಗೇ ಇರಲಿ ಎಂದೆ. ತಿಂಗಳಾದ ಮೇಲೆ ಇಬ್ಬರೂ ಮರೆತೆವು. ಎರಡು ವರ್ಷದ ನಂತರ ಅವಳೇ ಅದನ್ನು ಹರಿದು ಹಾಕಿದಳಂತೆ.

ಎಲ್ಲ ಸರಿಹೋಯಿತು ಎಂದು ಹೇಳಲಾರೆ. ಈಗಲೂ ನಾನು ಬೆಳಗ್ಗೆ ಕಂಬಳಿ ಒದ್ದೇ ಏಳುತ್ತೇನೆ. ಗೋಡೆಯ ಮುಂದೆ ಅವರ ಪಕ್ಕ ಕೂತರೆ ನನಗೆ ಐದು ನಿಮಿಷಕ್ಕೆ ಕಾಲು ಜೋಮು ಹಿಡಿಯುತ್ತದೆ, ಅವರ ಹಿಗ್ಗಿನ ಕಾಲುಭಾಗವೂ ನನಗೆ ಸಿಗುವುದಿಲ್ಲ. ಅವರು ಮಾತು ಕಲಿತಿದ್ದಾರೆ, ತುಸು ಜಾಸ್ತಿಯೇ. ರೆಕ್ಕೆಯ ತುದಿಯಲ್ಲಿ ಕೂತ ಜೇಡದ ಬಗ್ಗೆ ಮುಕ್ಕಾಲು ತಾಸು ಹೇಳುತ್ತಾರೆ. ನಾನು ಕೇಳುತ್ತೇನೆ, ನಡುವೆ ಒಂದು ಪ್ರಶ್ನೆಯನ್ನೂ ಹಾಕುತ್ತೇನೆ.

ಇನ್ನು ನನ್ನ ಕೋರಿಕೆ. ನಮ್ಮ ಕಣ್ಣೆರವಿನ ಮನೆಯಲ್ಲಿ ಸಾವಿರಾರು ಜನರ ಬೆಳಗುಗಳಿವೆ, ನಿಮ್ಮ ಕಾಲದ್ದು ಒಂದೂ ಇಲ್ಲ. ನೀವು ತೆಗೆದ ಫೋಟೋಗಳು ಕೋಟಿಗಟ್ಟಲೆ ಉಳಿದಿವೆ. ನೀವು ಏನೇನು ನೋಡಿದಿರಿ ಎಂದು ನಮಗೆ ಗೊತ್ತು. ನೋಡಿದಾಗ ನಿಮಗೆ ಹೇಗಿತ್ತು ಎಂದು ಗೊತ್ತಿಲ್ಲ. ಒಂದೇ ಒಂದು ಬೆಳಗನ್ನು ನಮಗಾಗಿ ಬರೆದಿಡಿ. ಬಸ್ಸಿನ ಕಿಟಕಿಯ ಗಾಜು ಹಣೆಗೆ ಹೇಗೆ ತಾಗಿತು, ನೆರೆಮನೆಯವರ ಒಗ್ಗರಣೆ ನಿಮ್ಮ ಮೂಗಿಗೆ ಹೇಗೆ ಬಂತು, ಅಷ್ಟೇ ಸಾಕು. ಎಲ್ಲರಿಗೂ ಹೀಗೇ ಇರುತ್ತದೆ ಎಂದು ಬಿಟ್ಟುಬಿಡಬೇಡಿ. ಅಂಚೆಗೆ ಹಾಕುವುದು ಬೇಡ, ವಿಳಾಸವೂ ಬೇಡ. ಬರೆದು ಮನೆಯಲ್ಲೇ ಎಲ್ಲಾದರೂ ಇಡಿ. ಹುಡುಕಲು ನಮಗೆ ನಾಲ್ಕು ನೂರು ವರ್ಷ ಸಮಯವಿದೆ.

ನಿಮ್ಮ,
ಶಿವಗಂಗಾ